ಭಾವನ ಒಂದು ವಾಕ್ಯ

ವಾದದಲ್ಲಿ ನನ್ನ ಭಾವನನ್ನು ಸೋಲಿಸಬಲ್ಲವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಒಬ್ಬರೇ ಇದ್ದರು. ಅದು ಸ್ವತಃ ಭಾವ!

ಅಕ್ಕನ ಗಂಡನಾದ ಈ ಮಹಾಶಯ ಶಿರಸಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ. ರಜೆ ಬಂತೆಂದರೆ ತಾಳಮದ್ದಳೆ. ಕುಣಿತವಿಲ್ಲ, ವೇಷವಿಲ್ಲ, ಕೂತಲ್ಲೇ ಮಾತಿನ ಮಹಾಯುದ್ಧ. ಒಂದು ಶನಿವಾರ ಮಂಚಿಕೇರಿಯಲ್ಲಿ ಕರ್ಣನಾಗಿ ಅರ್ಜುನನ ಮಾನ ಹರಾಜು ಹಾಕಿದರೆ, ಮುಂದಿನ ಶನಿವಾರ ಸಿದ್ದಾಪುರದಲ್ಲಿ ಅರ್ಜುನನಾಗಿ ಕರ್ಣನ ನೀರಿಳಿಸುತ್ತಿದ್ದ. ಎರಡೂ ಕಡೆ ಚಪ್ಪಾಳೆ! ಇಂಥವನಿಗೆ ತೊಂಬತ್ತರ ದಶಕದಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಹಿಡಿಯಿತು. ವಿಷಯ, ನಮ್ಮ ಕಡೆಯ ಹೆಂಗಸರ ಮದುವೆ ಹಾಡು.

ಎಲ್ಲಿ ಮದುವೆಯಿದ್ದರೂ ಟೇಪ್‌ರೆಕಾರ್ಡರ್ ಹಿಡಿದು ಹಾಜರು. ಕ್ಯಾಸೆಟ್ಟಿನಲ್ಲಿ ಹಾಡಿಗಿಂತ ಹೆಚ್ಚಾಗಿ ಬಡಿಸುವವರ ‘ಪಾಯಸ, ಪಾಯಸ’ ಕೇಳುತ್ತಿತ್ತು. ಅಷ್ಟನ್ನೂ ಹೊತ್ತು ಧಾರವಾಡಕ್ಕೆ ಹೋದರೆ ಗೈಡು ಎಲ್ಲವನ್ನೂ ಬದಿಗೆ ಸರಿಸಿ ಕೇಳಿದರಂತೆ: “ಹಾಡು ಬಾಳ ಅದಾವ್ರಿ. ನೀವು ಏನ್ ಹೇಳಾಕ ಹೊಂಟೀರಿ, ಅದನ್ನ ಒಂದು ವಾಕ್ಯದಾಗ ಬರಕೊಂಡು ಬರ್ರಿ.”

ಒಂದು ವಾಕ್ಯ! ರಾತ್ರಿಯಿಡೀ ಮಾತಾಡುವವನಿಗೆ ಅದೇನು ಮಹಾ ಎಂದು ನೀವೂ ಅಂದುಕೊಳ್ಳುತ್ತೀರಿ. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಅಲ್ಲಿಗೆ ಬಂದು ಭಾವ ಗಂಭೀರವಾಗಿ ಹೇಳಿದ, ನಾನು ಟೈಪ್ ಮಾಡಿದೆ: ‘ಮದುವೆ ಹಾಡುಗಳು ಹೆಂಗಸರ ಪ್ರತಿಭಟನೆ.’ ಪ್ರಿಂಟ್ ಹೊರಬರುವ ಮೊದಲೇ ಅವನ ಹುಬ್ಬು ಗಂಟಿಕ್ಕಿತು. ಮದುಮಗನಿಗೆ ಆರತಿ ಎತ್ತುವಾಗ ಹಾಡುವುದೂ ಪ್ರತಿಭಟನೆಯೇ? ಅಳಿಸು. ‘ಮದುವೆ ಹಾಡುಗಳು ಬರೀ ಸಂಭ್ರಮ.’ ಹಾಗಾದರೆ ಹಾಡುವವರು ಕಣ್ಣೊರೆಸಿಕೊಳ್ಳುವುದೇಕೆ? ಅಳಿಸು. ಕೊನೆಗೆ ಉಳಿದದ್ದು, ‘ಮದುವೆ ಹಾಡುಗಳಲ್ಲಿ ಹಲವು ಅಂಶಗಳಿವೆ.’ ಇದಕ್ಕೆ ಮಾತ್ರ ಅವನ ಆಕ್ಷೇಪವಿರಲಿಲ್ಲ. ಯಾರಿಗೆ ತಾನೇ ಇದ್ದೀತು? ಗೋಣಿಚೀಲದಲ್ಲೂ ಹಲವು ಅಂಶಗಳಿವೆ! ಗೈಡು ಅದನ್ನು ಓದಿ, ಚಹಾ ಕುಡಿಸಿ ಕಳಿಸಿದರಂತೆ.

ವರ್ಷಗಳು ಸರಿದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಭಾವ ನನ್ನ ಕೀಬೋರ್ಡು ಸರಿಯಿಲ್ಲ ಎಂದ. ಅವನ ಜೊತೆ ಹೆಸರು ನೋಂದಾಯಿಸಿದವರು ಡಾಕ್ಟರಾಗಿ ಶಾಲು ಹೊದೆಸಿಕೊಂಡರು. ಇವನು ಕರ್ಣ, ಅರ್ಜುನ ಎಂದು ಓಡಾಡಿಕೊಂಡಿದ್ದ. ಕೊನೆಗೊಮ್ಮೆ ಗೈಡು ಫೋನ್ ಮಾಡಿದರು. ತಾನಿನ್ನು ನಿವೃತ್ತಿ, ಸೋಮವಾರ ವಾಕ್ಯ ತಂದರೆ ಸರಿ, ಇಲ್ಲವಾದರೆ ನೋಂದಣಿ ರದ್ದು ಎಂದರಂತೆ. ಅಲ್ಲಿಗೆ ಭಾವನ ತಿರುಗಾಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮಜಾ ನೋಡಲೆಂದೇ ಅವರ ಮನೆಗೆ ಹೋದೆ. ಭಾವ ಅಡುಗೆಮನೆಯ ಬಾಗಿಲಲ್ಲಿ ಬೆಪ್ಪಾಗಿ ಕೂತಿದ್ದ. ಮುಖ ನೋಡಿದರೆ ನಗಲೂ ಆಗಲಿಲ್ಲ. ಅಕ್ಕ ದೋಸೆ ಹೊಯ್ಯುತ್ತಿದ್ದಳು. ಇಷ್ಟು ವರ್ಷ ಈ ವಿಷಯದಲ್ಲಿ ತುಟಿ ಬಿಚ್ಚದವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು:

“ಆ ಹಾಡಲ್ಲಿ ಎಂತದೂ ಇಲ್ಲೆ. ಆಯಿ ಹಾಡಿದ್ದೂ ಸುಮ್ನೆ, ಹೊತ್ತು ಕಳೆಯಲೆ.”

ನನಗೆ ಸಿಟ್ಟು ನೆತ್ತಿಗೇರಿತು. ಆಯಿ ಎಂದರೆ ನಮ್ಮಮ್ಮ, ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಆದರೆ ಭಾವ ನನಗಿಂತ ಮೊದಲೇ ಎದ್ದು ನಿಂತಿದ್ದ. ಎದುರುಪಕ್ಷ ಬಾಯಿ ತೆರೆದಿತ್ತಲ್ಲ! ಒಬ್ಬನೇ ಕೂತು ಎರಡೂ ಪಾತ್ರ ವಹಿಸುತ್ತಿದ್ದವನಿಗೆ ಈಗ ಒಂದೇ ಉಳಿದಿತ್ತು.

“ಸುಮ್ನೆ ಅಲ್ಲ,” ಎಂದ. “ಬಾಯಿಬಿಟ್ಟು ಕೇಳಲೆ ಆಗದ್ದನ್ನ ತಾಯಂದಿರು ಬೀಗರ ಹತ್ರ ಹಾಡಿ ಕೇಳಿದ್ದು.”

“ಆನು ಒಪ್ತ್ನಿಲ್ಲೆ.” ಅಕ್ಕ ಒಪ್ಪಲು ತಯಾರಿರಲಿಲ್ಲ.

“ನಮ್ಮ ಮದುವೇಲಿ ಹೆಣ್ಣೊಪ್ಪಿಸೋ ಹಾಡು ಹೇಳಕಾರೆ ಅತ್ತೆ ನೋಡಿದ್ದು ಎನ್ನ ಮುಖಾನೇ. ‘ಮಗಳ ನೋಯ್ಸಡಿ’ ಹೇಳಿ ಎನ್ನ ಹತ್ರ ಕೇಳಿದ್ದು. ಅದು ಎಂಗೆ ಗೊತ್ತಿದ್ದು.”

ಭಾವನ ಧ್ವನಿ ನಡುಗುತ್ತಿತ್ತು. ಯಾವ ಕರ್ಣನಿಗೂ ಅವನು ಆ ಧ್ವನಿ ಕೊಟ್ಟದ್ದಿಲ್ಲ. ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಆಯಿಯ ಹಾಡನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಅಕ್ಕ, ಗಂಡನಿಗೊಂದು ಎದುರಾಳಿ ಸಿಗಲೆಂದು ಆಯಿಯನ್ನೇ ಹಳಿದಿದ್ದಳು. ಅದು ತಿಳಿದಾಗ ನನ್ನ ಸಿಟ್ಟು ಇಳಿಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಈಚೆ ತಿರುಗಿದಳು.

“ಅದನ್ನೇ ಬರ್ಕಳಿ,” ಎಂದಳು. “ಅದು ಖರೆ.”