ನೋಡಲ್ ಅಧಿಕಾರಿಯ ಬೆವರು

ಸೆಕೆ ತಡೆಯುವ ಶಕ್ತಿಯನ್ನು ದೇವರು ನನಗೆ ಕೊಡಲೇ ಇಲ್ಲ. ಬೇಸಿಗೆ ಬಂತೆಂದರೆ ಉಳಿದವರಿಗೆ ಮಾವಿನಹಣ್ಣು ನೆನಪಾಗುತ್ತದೆ. ನನಗೆ ಕತ್ತಿನ ಹಿಂದೆ ಇಳಿಯುವ ಬೆವರೇ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಹಲಸೂರಿನ ಕಡೆಯ ನಮ್ಮ ವಾರ್ಡ್ ಕಚೇರಿಯಲ್ಲಿ ನನ್ನ ಕೋಣೆಗೊಂದು ಏಸಿ ಬಂದ ದಿನ, ನನ್ನ ಮದುವೆಯ ದಿನಕ್ಕಿಂತ ಹೆಚ್ಚು ಸಂತೋಷಪಟ್ಟಿದ್ದೆ. ಇದನ್ನು ಮನೆಯಲ್ಲಿ ಹೇಳಿಲ್ಲ. ನೀವೂ ಹೇಳಬೇಡಿ.

ಇಂಥ ನನ್ನನ್ನು ಮೇಲಧಿಕಾರಿ ಮೇಡಂ ಕರೆದು, ಕಟ್ಟಡದ ಕಾರ್ಬನ್ ಇಳಿಸುವ ನೋಡಲ್ ಅಧಿಕಾರಿ ಮಾಡಿಬಿಟ್ಟರು. ಸರ್ಕಾರಿ ಕಟ್ಟಡಗಳು ಕರೆಂಟು ಕಡಿಮೆ ಬಳಸಬೇಕು, ಆಗ ಎಲ್ಲೋ ದೂರದಲ್ಲಿ ಕಲ್ಲಿದ್ದಲು ಕಡಿಮೆ ಉರಿಯುತ್ತದೆ, ಭೂಮಿ ತಂಪಾಗುತ್ತದೆ. ತಂಪು ಅಂದರೆ ನಾನು ಯಾವತ್ತೂ ಮುಂದೆ. ಆ ದಿನವೇ ಮೀಟರುಗಳನ್ನು ನೋಡಿದೆ. ಕಚೇರಿಯದು ಸಾಧು. ಮಹಡಿಯ ಮೇಲಿನ ಶಟಲ್ ಹಾಲ್‌ನದು ಮಾತ್ರ ಕುದುರೆಯಂತೆ ಓಡುತ್ತಿತ್ತು. ಕಳ್ಳ ಸಿಕ್ಕಿದ!

ಆ ಹಾಲ್‌ನಲ್ಲಿ ಮಧ್ಯಾಹ್ನ ಆಡುವವರು ಸುತ್ತಮುತ್ತಲಿನ ಹೆಂಗಸರು. ಅವರ ನಾಯಕಿ ಸೆಲ್ವಿ. ಬೆಳಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ಹೂ ಮಾರಿ, ಊಟ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ರ‍್ಯಾಕೆಟ್ ಹಿಡಿದಳೆಂದರೆ ಎದುರಾಳಿಗೆ ಉಳಿಗಾಲವಿಲ್ಲ. ಇನ್ನು ಮಧ್ಯಾಹ್ನ ಹಾಲ್‌ಗೆ ಬೀಗ ಹಾಕಿಸುತ್ತೇನೆ ಎಂದು ನಾನು ಹೇಳಿದಾಗ ಅವಳ ಮುಖ ಸಣ್ಣದಾಯಿತು.

“ಏನ್ ಸಾರ್, ಇಡೀ ದಿನದಲ್ಲಿ ನಮಗೋಸ್ಕರ ಅಂತ ಇರೋದು ಇದೊಂದೇ. ಅದೂ ಬೇಡ್ವಾ?”

“ಭೂಮಿಗೋಸ್ಕರ ಕಣಮ್ಮ.”

“ಭೂಮಿ ಮೇಲೆ ತಾನೇ ನಾವೂ ಇರೋದು? ಒಂದಷ್ಟು ಲೈಟು, ಫ್ಯಾನು ಅಷ್ಟೇ ಸಾರ್ ಮೇಲೆ. ಅದಕ್ಕೆ ಮೀಟರ್ ಹಂಗೆ ಓಡುತ್ತಾ?”

ಸ್ವಲ್ಪ ಕಸಿವಿಸಿಯಾಯಿತು. ಆದರೆ ಕೋಣೆಗೆ ಬಂದು ತಣ್ಣಗೆ ಕೂತ ಮೇಲೆ ಮರೆತುಹೋಯಿತು.

ಬೀಗ ಹಾಕುವ ಮುಂಚೆ ಮೇಡಂ ಖುದ್ದಾಗಿ ನೋಡಲು ಬಂದರು. ಅವರನ್ನು ನನ್ನ ಕೋಣೆಯಲ್ಲಿ ಕೂರಿಸಿ, ಹಾಲ್ ಮುಚ್ಚಿದರೆ ಭೂಮಿಗಾಗುವ ಉಪಕಾರವನ್ನು ವರ್ಣಿಸುತ್ತಿದ್ದೆ. ಸೆಲ್ವಿ ಬಾಗಿಲಲ್ಲಿ ಬಂದು ನಿಂತಳು.

“ಮೇಡಂ, ಮುಚ್ಚೋಕ್ ಮುಂಚೆ ಒಂದ್ಸಲ ಮೇಲಿನ ಮೇನ್ ಸ್ವಿಚ್ ಆಫ್ ಮಾಡ್ಲಾ? ಎಷ್ಟು ಉಳಿಯುತ್ತೆ ಅಂತ ನೀವೇ ಮೀಟರ್ ನೋಡ್ಬಿಡಿ.”

“ಮಾಡಮ್ಮ,” ಎಂದರು ಮೇಡಂ.

ಅವಳು ಮೇಲೆ ಹೋದಳು. ಟಪ್ ಎಂದು ನನ್ನ ಏಸಿ ನಿಂತಿತು.

ನನ್ನ ಕೋಣೆಯ ಲೈಟು, ಫ್ಯಾನು ತಮಗೇನೂ ಗೊತ್ತಿಲ್ಲವೆಂಬಂತೆ ನಡೆದೇ ಇದ್ದವು. ಏಸಿ ಹಾಕಿದ ಪುಣ್ಯಾತ್ಮ ಅದನ್ನು ಹಾಲ್‌ನ ಲೈನಿಗೆ ಸೇರಿಸಿ ಹೋಗಿದ್ದ. ಮೇಡಂ ಒಮ್ಮೆ ಏಸಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಕಾರ್ಬನ್ ಎಲ್ಲಿದೆ ಅಂತ ಗೊತ್ತಾಯ್ತಲ್ರೀ,” ಎಂದು ಎದ್ದರು.

ಏಸಿ ಹೋಯಿತು, ಹಾಲ್ ಉಳಿಯಿತು. ಈಗ ಮಧ್ಯಾಹ್ನ ಕೋಣೆಯಲ್ಲಿ ಕೂರಲಾಗದೆ ನಾನೂ ಮೇಲಕ್ಕೇ ಹೋಗುತ್ತೇನೆ. ಎತ್ತರದ ಸೂರು, ದೊಡ್ಡ ಕಿಟಕಿಗಳು. ಆದರೆ ಸುಮ್ಮನೆ ಕೂರಲು ಸೆಲ್ವಿ ಬಿಡುವುದಿಲ್ಲ, ಕೈಗೊಂದು ರ‍್ಯಾಕೆಟ್ ತುರುಕುತ್ತಾಳೆ. ಮೊನ್ನೆ ಹೀನಾಯವಾಗಿ ಸೋತು ಗೋಡೆಗೊರಗಿ ಏದುಸಿರು ಬಿಡುತ್ತಿದ್ದಾಗ ಹತ್ತಿರ ಬಂದು, “ಮೆಲ್ಲಗೆ ಉಸಿರು ಬಿಡಿ ಸಾರ್, ಅದೂ ಕಾರ್ಬನ್ನೇ ಅಂತೆ,” ಎಂದಳು.

ನಾನು ನೋಡಲ್ ಅಧಿಕಾರಿಯಲ್ಲವೇ? ಕರ್ತವ್ಯವೆಂದು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದೆ.