ಹಿರಿಯ ನಾಗರಿಕನಿಗೊಂದು ಗಾದಿ

ವಯಸ್ಸು ಮುಚ್ಚಿಡುವ ಚಟ ಹೆಂಗಸರದು ಎಂದು ಯಾರು ಹಬ್ಬಿಸಿದರೋ ಕಾಣೆ. ಅವರು ನನ್ನನ್ನು ನೋಡಿಲ್ಲ. ಶಹಾಪುರದ ಹತ್ತಿ ಮಿಲ್ಲೊಂದರಲ್ಲಿ ಮ್ಯಾನೇಜರನಾಗಿರುವ ನಾನು ಪ್ರತಿ ಭಾನುವಾರ ಮೀಸೆಗೆ ಕಪ್ಪು ಬಳಿದುಕೊಳ್ಳುತ್ತೇನೆ. ಬಣ್ಣ ಒಣಗುವವರೆಗೆ ಬಾಯಿ ಬಿಡುವಂತಿಲ್ಲ. ನನ್ನ ಹೆಂಡತಿ ವಾರದ ಮಾತೆಲ್ಲ ಕೂಡಿಟ್ಟುಕೊಂಡು ಆಡುವುದು ಆ ಹೊತ್ತಿನಲ್ಲೇ.

ಅಂಥದೊಂದು ಭಾನುವಾರ ಅವಳು ಸುದ್ದಿ ತೆಗೆದಳು. ವಯಸ್ಸಾದ ಮೇಲೂ ದುಡಿಯುವವರಿಗೆ ಸರಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದಂತೆ, ಯಾದಗಿರಿಯಲ್ಲಿರುವ ಅವಳ ತಮ್ಮ ಹೇಳಿದನಂತೆ. ಸಂತೋಷವೇ. ಆದರೆ ತೆರಿಗೆ ಮುರಿದುಕೊಂಡು ಪಗಾರ ಕೊಡುವವರು ನಮ್ಮ ಸಾಹುಕಾರರು. ರಿಯಾಯಿತಿ ಬೇಕಾದರೆ ನಾನು ಮುದುಕನೆಂದು ಅವರೆದುರು ಒಪ್ಪಿಕೊಳ್ಳಬೇಕು.

"ಸರಕಾರಾನ ಮುದುಕ ಅಂತ ತಿಳದು ರೊಕ್ಕ ಬಿಡ್ತದ, ನಿಮಗೇನು ಧಾಡಿ ಆಗ್ಯಾದ?" ಎಂದಳು.

ಧಾಡಿಯಲ್ಲ, ಹೆದರಿಕೆ. ನನಗಿಂತ ಮೊದಲಿದ್ದ ಮ್ಯಾನೇಜರು ಮೊಣಕಾಲು ನೋವೆಂದು ಬಾಯಿಬಿಟ್ಟಿದ್ದೇ ತಡ, ಅದೇ ವಾರ ಸಾಹುಕಾರರು ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ಈಗ ಆ ಹಳೆಯ ಮ್ಯಾನೇಜರು ದಿನವೂ ಮಿಲ್ಲಿನ ಗೇಟಿನೆದುರಿನ ಚಹಾದಂಗಡಿಯಲ್ಲಿ ಕೂತು ಹತ್ತಿ ಲಾರಿಗಳನ್ನು ನೋಡುತ್ತಾರೆ. ನನ್ನನ್ನು ಕಂಡರೆ ಕೈಬೀಸುತ್ತಾರೆ. ನಾನು ಆ ಕಡೆ ನೋಡುವುದಿಲ್ಲ. ಮಿಲ್ಲಿನಲ್ಲಿ ಏನೋ ನಾಲ್ಕು ಜನ ನನ್ನ ಮಾತು ಕೇಳಿ ಕೆಲಸ ಮಾಡುತ್ತಾರೆ. ಅದೂ ಹೋದರೆ ನಾನು ಯಾರು ಎಂಬುದು ನನಗೇ ಗೊತ್ತಿಲ್ಲ.

ಆದರೂ ಸೋಮವಾರ ಹೇಳಿಬಿಡುವುದೆಂದು ಹೊರಟೆ. ಹೇಳುವ ಮುಂಚೆ ನನ್ನ ಕಸುವನ್ನೊಮ್ಮೆ ಸಾಹುಕಾರರಿಗೆ ತೋರಿಸಬೇಕೆನ್ನಿಸಿತು. ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸಿ ತರುವವರಿರುತ್ತಾರೆ. ಲಾರಿಯ ನೆತ್ತಿಗೇರಿ, ಹತ್ತಿಯೊಳಗೆ ಮೊಳಕೈವರೆಗೆ ತೋಳಿಳಿಸಿ ತೇವ ನೋಡುವುದು ನನ್ನ ಕೆಲಸ. ಸರಸರನೆ ಏರಿದೆ, ಕೈಯಿಳಿಸಿದೆ, "ಒಣಗ್ಯಾದ" ಎಂದೆ. ಇಳಿಯಲು ಹೋದರೆ ಮೊಣಕಾಲು ಮಡಚಲೇ ಇಲ್ಲ. ಕೊನೆಗೆ ಇಬ್ಬರು ಹಮಾಲರು ನನ್ನನ್ನು ಮೂಟೆ ಇಳಿಸಿದಂತೆ ಇಳಿಸಿ, ಸಾಹುಕಾರರ ಮುಂದೆಯೇ ನಿಲ್ಲಿಸಿದರು.

ಇನ್ನೇನು ಮುಚ್ಚಿಡುವುದು? ತೆರಿಗೆಯ ವಿಷಯ, ವಯಸ್ಸಿನ ವಿಷಯ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಸಾಹುಕಾರರಿಗೆ ನನ್ನ ಮಗನ ವಯಸ್ಸು. ಅವರು ನಗಲಿಲ್ಲ.

"ನಂಗ ಗೊತ್ತದರಿ. ಕಾಲುವಿಗೆ ಮೊದಲ ನೀರು ಬಂದಾಗ ನಿಮ್ಮ ಲಗ್ನ ಆಗಿತ್ತಲ್ಲ? ವರ್ಷಾ ಹತ್ತಿ ಹಂಗಾಮಿನಾಗ ನೀವ ಹೇಳ್ತೀರಿ."

ನಮ್ಮ ಕಡೆ ವಯಸ್ಸು ಎಣಿಸುವುದೇ ಹೊಲಗಳಿಗೆ ಕಾಲುವೆ ನೀರು ಬಂದ ವರ್ಷದಿಂದ. ಹೊಸ ನೀರಿಗೆ ಉಡಿ ತುಂಬಲು ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗಿ, ಹೊಸ ಚಪ್ಪಲಿಯನ್ನು ನೀರುಪಾಲು ಮಾಡಿಕೊಂಡ ಕಥೆಯನ್ನು ನಾನು ಹೇಳದವರಿಲ್ಲ. ಮೀಸೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅದರ ಕೆಳಗಿನ ಬಾಯಿ ಊರಿಗೆಲ್ಲ ಹೇಳಿಕೊಂಡು ತಿರುಗಿತ್ತು.

ಈ ತಿಂಗಳಿಂದಲೇ ತೆರಿಗೆ ಕಡಿಮೆ ಮುರಿಯುವುದಾಗಿ ಹೇಳಿದ ಸಾಹುಕಾರರು, ಒಳಗೆ ತೆಗೆದಿಟ್ಟಿದ್ದನ್ನು ತರಲು ಹಮಾಲನೊಬ್ಬನಿಗೆ ಹೇಳಿದರು. ಶಾಲು ಬಂತು ಎಂದುಕೊಂಡೆ. ಕತ್ತು ತಾನಾಗಿ ಬಾಗಿತು. ಬಂದದ್ದು ಹತ್ತಿ ತುಂಬಿದ ಒಂದು ಗಾದಿ. ತೂಕದ ಕಾಂಟಾದ ಪಕ್ಕದ ಕುರ್ಚಿಗೆ ಅದನ್ನು ಹಾಸಿಸಿದರು.

"ಇನ್ನ ಲಾರಿ ಏರಬ್ಯಾಡ್ರಿ. ಇಲ್ಲೇ ಕುಂತು ಕೆಲಸಾ ಮಾಡಸ್ರಿ, ಕಾಕಾ."

ನಿನ್ನೆಯವರೆಗೆ ನಾನು ಅವರಿಗೆ 'ಮ್ಯಾನೇಜರ್ರು' ಆಗಿದ್ದೆ. ಕೆಲಸ ಉಳಿದ ಸಮಾಧಾನಕ್ಕೆ ಕಣ್ಣು ತುಂಬಿತೋ, ಚಿಕ್ಕಪ್ಪನನ್ನು ಕರೆದಂತೆ 'ಕಾಕಾ' ಎಂದದ್ದಕ್ಕೋ ತಿಳಿಯಲಿಲ್ಲ. ಕೂತೆ. ಕುರ್ಚಿ ಗೇಟಿನ ಕಡೆಗೇ ಇತ್ತು. ಚಹಾದಂಗಡಿಯಿಂದ ಹಳೆಯ ಮ್ಯಾನೇಜರು ಕೈಬೀಸಿದರು. ಈ ಸಲ ನಾನೂ ಬೀಸಿದೆ, ಒಂದೇ ಕೈ. ಇನ್ನೊಂದು ಕೈ ಆಗಲೇ ಗಾದಿಯೊಳಗೆ ಬೆರಳು ತೂರಿಸಿ, ಹತ್ತಿ ಒಣಗಿದೆಯೋ ಇಲ್ಲವೋ ಎಂದು ನೋಡುತ್ತಿತ್ತು.