ಪಕ್ಕದ ಸೀಟಿನ ಬ್ರೇಕು

ಟಕ್.

ಇದು ನನ್ನ ದಾಂಪತ್ಯದ ಶ್ರುತಿ. ಬೇರೆಯವರ ಸಂಸಾರದಲ್ಲಿ ಪಾತ್ರೆಯ ಸದ್ದು, ಬಾಗಿಲ ಸದ್ದು ಕೇಳುತ್ತದಂತೆ. ನನಗೆ ಕೇಳುತ್ತಿದ್ದುದು ನನ್ನ ಹೆಂಡತಿಯ ಬಲಗಾಲು ಕಾರಿನ ನೆಲಕ್ಕೆ ಬಡಿಯುವ ಸದ್ದು. ನಾನು ಸ್ಟೀರಿಂಗ್ ಹಿಡಿದಿರುತ್ತೇನೆ, ಅವಳು ಪಕ್ಕದಲ್ಲಿ ಕೂತಿರುತ್ತಾಳೆ, ಮುಂದಿನ ಗಾಡಿಯ ಕೆಂಪು ದೀಪ ಹತ್ತುತ್ತದೆ. ಏನು ಮಾಡಬೇಕೆಂದು ನಾನು ಯೋಚಿಸುವುದರೊಳಗೆ ಅವಳ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿ ಮುಗಿಸಿರುತ್ತದೆ. ಅವಳ ಕಡೆಯ ರಬ್ಬರ್ ಹಾಸು ಅಂಗಾಲಿನಗಲ ಸವೆದುಹೋಗಿದೆ. ನನ್ನ ಕಡೆಯದು ಅಂಗಡಿಯಿಂದ ತಂದಂತೆಯೇ ಇದೆ. (ಇದನ್ನು ಅವಳು ಬಂದವರಿಗೆಲ್ಲ ತೋರಿಸುತ್ತಾಳೆ.)

ಕಾರಿನಲ್ಲಷ್ಟೇ ಅಲ್ಲ. ನೆಂಟರ ಮುಂದೆ ನಾನು "ನಮ್ಮ ಆಫೀಸಿನಲ್ಲಿ ಒಮ್ಮೆ ಏನಾಯಿತೆಂದರೆ" ಎಂದು ಶುರುಮಾಡಿದೊಡನೆ ಮೇಜಿನ ಕೆಳಗೆ ಟಕ್. ನಿದ್ದೆಯಲ್ಲಿ ನಾನು ಗೊರಕೆಯ ಗೇರು ಬದಲಿಸಿದರೆ ಮಂಚಕ್ಕೂ ಟಕ್. ಹಿರಿಯರು 'ಕಾಲಾಯ ತಸ್ಮೈ ನಮಃ' ಎಂದು ಕೈಮುಗಿದದ್ದು ಈ ಕಾಲಿಗೇ ಇರಬೇಕು.

ಹೀಗೆಲ್ಲ ನಗುತ್ತಿದ್ದೆ, ಆ ಲಾರಿ ಬರುವ ತನಕ.

ನಾಲ್ಕು ರಸ್ತೆ ಕೂಡುವಲ್ಲಿ, ನಮಗೆ ಹಸಿರು ದೀಪವಿದ್ದಾಗಲೇ, ಅದು ಅವಳ ಕಡೆಯಿಂದ ನುಗ್ಗಿ ಬಂತು. ಮೊದಲು ಕಂಡವಳು ಅವಳು. ಕೂಗಲಿಲ್ಲ, ಕೂಗುವಷ್ಟು ಹೊತ್ತು ಇರಲಿಲ್ಲ. ಕಾಲು ಒತ್ತಿದಳು. ಕಂಡವಳ ಕಾಲ ಕೆಳಗೆ ಏನೂ ಇರಲಿಲ್ಲ. ಬ್ರೇಕಿದ್ದವನಿಗೆ ಇನ್ನೂ ಕಂಡಿರಲಿಲ್ಲ. ಆಮೇಲೆ ಬಾಗಿಲು ಒಳಕ್ಕೆ ಬಂತು. ದಿನ ಕಳೆದಂತೆ ಅವಳ ತೋಳಿನ ಮೂಳೆ ಕೂಡಿಕೊಂಡಿತು, ಕಾರಿಗೆ ಹೊಸ ಬಾಗಿಲಾಯಿತು. ಆದರೆ ಆ ಬಾಗಿಲನ್ನು ಅವಳು ತೆರೆಯಲೇ ಇಲ್ಲ. ಬಸ್ಸಿಗಾದರೂ ಬಾ ಎಂದೆ. "ಬಸ್ಸಲ್ಲಿ ಬ್ರೇಕು ಇನ್ನೂ ದೂರ ರೀ" ಎಂದಳು.

ಹಾಗೇ ಇದ್ದುಬಿಡಬಹುದಿತ್ತು. ತರಕಾರಿ ಅಂಗಡಿ ನಡೆದು ಹೋಗುವಷ್ಟೇ ದೂರ. ಆದರೆ ಬೆಟ್ಟದ ಆಚೆಯ ಊರಿನಲ್ಲಿ ಅವಳ ಅಕ್ಕ ಇದ್ದರು. ತಾಯಿ ಹೋದ ಮೇಲೆ ಇವಳಿಗೆ ತಲೆ ಬಾಚಿ, ಪಾಠ ಹೇಳಿ, ಬೈದು, ಬೆಳೆಸಿದವರು. ಅವರ ಕಣ್ಣು ಹೋಗುತ್ತಿತ್ತು. ದೀಪದ ಬತ್ತಿ ಇಳಿಸಿದ ಹಾಗೆ ಸ್ವಲ್ಪ ಸ್ವಲ್ಪವಾಗಿ. ಡಾಕ್ಟರು ಔಷಧಿ ಬದಲಿಸುವುದನ್ನೂ ನಿಲ್ಲಿಸಿದ್ದರು, ಪ್ರಯಾಣ ಬೇಡವೆಂದಿದ್ದರು.

"ಪೂರ್ತಿ ಕತ್ತಲಾಗೋ ಮುಂಚೆ ಒಂದ್ಸಲ ಬಂದು ಹೋಗೇ" ಎಂದರು ಅಕ್ಕ ಫೋನಿನಲ್ಲಿ. "ನಿನ್ನ ಮುಖ ನೋಡ್ಬೇಕು."

"ನನ್ನ ಮುಖದಲ್ಲಿ ನೋಡೋದಕ್ಕೆ ಏನಿದೆ ಅಕ್ಕ, ವಯಸ್ಸಾಯ್ತು."

"ಅದನ್ನೇ ನೋಡ್ಬೇಕು. ನನ್ನ ತಲೇಲಿ ನೀನಿನ್ನೂ ಹಲ್ಲು ಬಿದ್ದ ಹುಡುಗೀನೇ. ಹಾಗೇ ಉಳಿದುಬಿಟ್ರೆ ಕಷ್ಟ."

ಫೋನಿನಲ್ಲೇ ಮುಖ ತೋರಿಸಬಾರದೇ ಎಂದು ನಾನು ಬುದ್ಧಿವಂತನಂತೆ ಕೇಳಿದೆ. ಅದರಲ್ಲಿ ತಂಗಿ ಬಿಳಿ ಬಲ್ಬಿನ ಹಾಗೆ ಕಾಣುತ್ತಾಳಂತೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಅಕ್ಕನಿಗೆ ಮುಖವೆಂಬುದು ಮುಖವಾಗುತ್ತಿತ್ತು.

ಆ ಸಂಜೆ ಹೆಂಡತಿ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ಗೋಡೆಗೆ ಹೇಳಿದಳು: "ನನ್ನ ಕಾಲ ಕೆಳಗೂ ಒಂದು ಬ್ರೇಕಿದ್ದಿದ್ರೆ ಬರ್ತಿದ್ದೆ."

ಗೋಡೆ ಸುಮ್ಮನಿತ್ತು. ನಾನೂ ಹಾಗೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗ್ಯಾರೇಜು ಇಟ್ಟುಕೊಂಡಿರುವ ಅವಳ ಸೋದರಮಾವನನ್ನು ಎಲ್ಲರೂ ಗ್ರೀಸ್ ಮಾವ ಎನ್ನುತ್ತಾರೆ. ಊಟಕ್ಕೆ ಕೂತಾಗಲೂ ಅವರ ಉಗುರಲ್ಲಿ ಒಂದಿಷ್ಟು ಇಂಜಿನ್ನು ಇರುತ್ತದೆ. ನನ್ನ ಯೋಚನೆ ಕೇಳಿ ಅವರು ಕುಣಿದುಬಿಟ್ಟರು.

"ಬ್ರೇಕು ತಾನೇ ಅಳಿಯಂದಿರೇ? ಡ್ರೈವಿಂಗ್ ಸ್ಕೂಲಿನ ಹಳೇ ಗಾಡಿ ಒಂದು ಬಿದ್ದಿದೆ, ಅದರದ್ದು ಕಿತ್ತು ಹಾಕ್ತೀನಿ. ಬೇಕಾದ್ರೆ ಹಿಂದಿನ ಸೀಟಿಗೂ ಹಾಕ್ತೀನಿ. ಮನೆಮಂದಿ ಎಲ್ಲ ಕೂತು ಒತ್ತಬಹುದು."

"ಕಾನೂನು ಒಪ್ಪುತ್ತಾ ಮಾವ?"

"ಓಡಿಸೋದಕ್ಕೆ ಕಾನೂನು ಬೇಕು. ನಿಲ್ಲಿಸೋದಕ್ಕೆ ಯಾವ ಕಾನೂನು ಬೇಡ ಅನ್ನುತ್ತೆ?"

(ಈ ಮಹಾವಾಕ್ಯವನ್ನು ನಾನು ಮುಂದೆ ವಾಹನ ಕಚೇರಿಯಲ್ಲಿ ಹಾಗೆಯೇ ಒಪ್ಪಿಸಿ, ಇದ್ದ ಮರ್ಯಾದೆಯನ್ನೂ ಕಳೆದುಕೊಂಡೆ.)

ಬ್ರೇಕು ಬಂತು. ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಬಂದಳು, ಬಾಗಿಲು ತೆರೆದಳು, ಕೂತಳು. ಪಾದವನ್ನು ಪೆಡಲಿನ ಮೇಲೆ ನಿಧಾನ ಇಟ್ಟಳು, ತಣ್ಣೀರಿಗೆ ಇಳಿಯುವವಳ ಹಾಗೆ. ಒತ್ತಿದಳು. ಪೆಡಲು ಬಗ್ಗಿತು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಯಿತು. ನನಗೆ ಅಳು ಬಂತು, ಆದರೆ ಗೇರು ಹಾಕುವ ನೆವದಲ್ಲಿ ತಲೆ ತಗ್ಗಿಸಿದೆ.

ಅಳು ಬರಲು ಬೇರೆ ಕಾರಣಗಳೂ ಬೇಗ ಸಿಕ್ಕವು. ಮನೆಯಿಂದ ದೊಡ್ಡ ರಸ್ತೆಗೆ ಬರುವುದರೊಳಗೆ ಅವಳು ನಾಯಿಗೆ ಒತ್ತಿದಳು, ನಾಯಿಯ ನೆರಳಿಗೆ ಒತ್ತಿದಳು, ನಾಯಿ ಇರಬಹುದಾದ ಮೂಲೆಗೂ ಒತ್ತಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅದರಲ್ಲಿ ಕೋಣನ ಪಾತ್ರ ನನ್ನದು. ಕೊನೆಗೆ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲವೊಂದಕ್ಕೆ ಅವಳು ಪರಮ ಗೌರವ ಸಲ್ಲಿಸಿದಾಗ, ಕಾರು ಚೌಕದ ನಟ್ಟನಡುವೆ ನಿಂತಿತು. ಟ್ರಾಫಿಕ್ ಪೊಲೀಸಿನವನು ಕಿಟಕಿಯಲ್ಲಿ ಬಗ್ಗಿ ಮೊದಲು ನನ್ನ ಕಾಲು ನೋಡಿದ, ಆಮೇಲೆ ಅವಳ ಕಾಲು ನೋಡಿದ.

"ಈ ಗಾಡಿಗೆ ಎಷ್ಟು ಜನ ಡ್ರೈವರು ಸಾರ್?"

"ಓಡಿಸೋನು ನಾನು, ನಿಲ್ಲಿಸೋಳು ಇವಳು" ಎಂದೆ. ಸತ್ಯ ಹೇಳಿ ಕೆಟ್ಟೆ. ಗಾಡಿಯನ್ನು ಬದಲಾಯಿಸಿದ್ದಕ್ಕೆ ಪ್ರಮಾಣಪತ್ರ ಬೇಕು, ಅದು ಸಿಗುವ ತನಕ ಇದು ರಸ್ತೆಗೆ ಇಳಿಯುವಂತಿಲ್ಲ ಎಂದ. ಗ್ರೀಸ್ ಮಾವನ ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು, ತಪ್ಪು ಮಾಡಿದ ಕರುವಿನ ಹಾಗೆ, ನಮ್ಮ ಕಾರು ಗ್ಯಾರೇಜಿಗೆ ಮರಳಿತು.

ವಾಹನ ಕಚೇರಿಗೆ ಇಬ್ಬರೂ ನಡೆದೇ ಹೋದೆವು. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಕೀಲಿಕೈಗಳನ್ನು ಹಿಡಿದುಕೊಂಡು, ಆಸ್ಪತ್ರೆಯಲ್ಲಿ ಕೂತವರಂತೆ ಪಿಸುಮಾತಾಡುತ್ತಿದ್ದರು. ಇನ್ಸ್‌ಪೆಕ್ಟರು ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಅದನ್ನೇ ಮೇಜಿನಲ್ಲಿ ಹುಡುಕುತ್ತಿದ್ದರು. ನಾನು ತೋರಿಸಿಕೊಟ್ಟೆ. ಅದರಿಂದ ನಮಗೇನೂ ಉಪಕಾರವಾಗಲಿಲ್ಲ.

"ಎರಡನೇ ಬ್ರೇಕಿದ್ರೆ ಅದು ಕಲಿಸೋ ಗಾಡಿ" ಎಂದರು. "ಕಲಿಸೋ ಗಾಡಿ ಅಂತ ಬದಲಾಯಿಸಿದ್ರೆ ಪಾಸು ಮಾಡ್ತೀನಿ. ಇಲ್ಲಾಂದ್ರೆ ಕಿತ್ತು ಹಾಕಿ."

"ಕಿತ್ತರೆ ನಾನು ಹತ್ತಲ್ಲ" ಎಂದಳು ಹೆಂಡತಿ, ಅವರಿಗಲ್ಲ, ನನಗೆ.

"ಹಾಗಾದ್ರೆ ಕಲಿಯೋರು ಯಾರು?"

"ನಾನೇ ಸ್ವಾಮಿ" ಎಂದೆ.

"ನಿಮಗೆ ಲೈಸೆನ್ಸ್ ಇದೆಯಲ್ಲ?"

"ಇದ್ದರೇನು? ಮದುವೆಯಾದಾಗಿನಿಂದ ಇವಳು ಕಲಿಸ್ತಾನೇ ಇದ್ದಾಳೆ. ನಾನು ಏನೂ ಕಲಿತಿಲ್ಲ ಅನ್ನೋದಕ್ಕೆ ಇವಳೇ ಸಾಕ್ಷಿ."

ಇನ್ಸ್‌ಪೆಕ್ಟರು ನಗಲಿಲ್ಲ. "ಪಕ್ಕದ ಬ್ರೇಕಿನ ಮೇಲೆ ಕಾಲಿಡೋರಿಗೆ ಲೈಸೆನ್ಸ್ ಇರಬೇಕು. ಅಮ್ಮಾವ್ರಿಗೆ ಇದೆಯಾ?"

ಇರಲಿಲ್ಲ. ಇವಳಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಎದ್ದೆ. ಅವಳು ಏಳಲಿಲ್ಲ. "ಲೈಸೆನ್ಸ್ ಸಿಗೋದಕ್ಕೆ ಎಷ್ಟು ದಿನ ಬೇಕಾಗುತ್ತೆ?" ಎಂದು ಕೇಳಿದಳು. ಅಕ್ಕನ ಕಣ್ಣಿನ ಡಾಕ್ಟರಿಗೆ ಫೋನು ಮಾಡಿ ಇನ್ನೆಷ್ಟು ದಿನ ಎಂದು ಕೇಳಿದ್ದಳು, ಅದೇ ದನಿಯಲ್ಲಿ.

ಹೀಗೆ, ಕಾರು ಹತ್ತಲು ಹೆದರುವವಳು ಕಾರು ಓಡಿಸಲು ಕಲಿಯತೊಡಗಿದಳು. ಮೊದಮೊದಲು ಪಾಠದಿಂದ ಬಂದವಳು ನೇರ ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದು, ಏನೂ ಆಗದವಳಂತೆ ಅಕ್ಕನಿಗೆ ಫೋನು ಮಾಡುತ್ತಿದ್ದಳು. ಬೆಳಗ್ಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ರಸ್ತೆಯಲ್ಲಿ ಕಲಿಸುತ್ತಿದ್ದರು. ಸಂಜೆ ಗ್ರೀಸ್ ಮಾವನ ಗ್ಯಾರೇಜಿನ ಹಿತ್ತಲಲ್ಲಿ, ತುಕ್ಕು ಹಿಡಿದ ಕಾರುಗಳ ನಡುವೆ, ನಮ್ಮ ಕಾರಿನಲ್ಲೇ ಅಭ್ಯಾಸ. ಬಾನೆಟ್ಟು ತೆರೆದುಕೊಂಡು ಮಲಗಿದ್ದ ಆ ಕಾರುಗಳ ಹೊಟ್ಟೆಯಲ್ಲಿ ಹುಲ್ಲು ಬೆಳೆದಿತ್ತು. ಅಲ್ಲಿ ಅವಳು ಓಡಿಸುತ್ತಿದ್ದಳು. ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ನನ್ನ ಕಾಲ ಕೆಳಗೆ ಆ ಬ್ರೇಕಿತ್ತು.

ಓದುಗರೇ, ನಾನು ಒತ್ತಬಾರದೆಂದೇ ಕೂತಿದ್ದೆ. ಕಾಲು ನನ್ನ ಮಾತು ಕೇಳಲಿಲ್ಲ.

"ಯಾಕ್ರೀ ಒತ್ತಿದ್ರಿ?"

"ಗೋಡೆ."

"ಗೋಡೆ ಅಲ್ಲೇ ಇರುತ್ತೆ ರೀ, ಅದು ಬರಲ್ಲ. ಕಾಲು ತೆಗೀರಿ."

"ನಿನಗೆ ಕಾಣಿಸ್ತೋ ಇಲ್ಲವೋ ಅಂತ."

"ಕಾಣಿಸ್ತು. ನಿಮಗಿಂತ ಮೊದಲೇ ಕಾಣಿಸ್ತು. ಯಾವಾಗಲೂ ಹಾಗೇ ಅಲ್ವಾ?"

ಮೇಷ್ಟ್ರು ಇಡೀ ವಾರದಲ್ಲಿ ಒಮ್ಮೆಯೂ ಬ್ರೇಕು ಮುಟ್ಟಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಆ ಮನುಷ್ಯನನ್ನು ನಾನು ಕಣ್ಣಿಂದ ಕಂಡವನಲ್ಲ, ಆದರೂ ದ್ವೇಷಿಸತೊಡಗಿದೆ. ಮೊದಲ ಪರೀಕ್ಷೆಯಲ್ಲೇ ಅವಳು ಪಾಸಾದಳು. ನಾನು ನನ್ನ ಕಾಲದಲ್ಲಿ ಎರಡು ಸಲ ಫೇಲಾಗಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ; ಅಭಿನಂದಿಸುವ ಭರದಲ್ಲಿ ನಾನೇ ಬಾಯಿಬಿಟ್ಟೆ.

ಕಾರಿನ ತಪಾಸಣೆಯ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ಈ ಸಲ ತಮಾಷೆ ಇರಲಿಲ್ಲ. "ಎಡಗಣ್ಣು ಹೋಯ್ತು ಕಣೇ" ಎಂದರಂತೆ, "ಬಲಗಣ್ಣಲ್ಲಿ ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತೆ, ಅಷ್ಟೇ." ಹೆಂಡತಿ ಫೋನಿಟ್ಟು ತಲೆ ಬಾಚಿಕೊಂಡಳು, ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡಳು, ಬೇರೆಯವರಿಗೆ ಕೊಡಬೇಕಾದ ವಸ್ತುವನ್ನು ನೋಡುವ ಹಾಗೆ.

ಗ್ರೀಸ್ ಮಾವ ಮತ್ತೆ ಹಗ್ಗ ಕಟ್ಟಿ ಕಾರನ್ನು ಕಚೇರಿಯ ಅಂಗಳಕ್ಕೆ ಎಳೆತಂದರು. ಇನ್ಸ್‌ಪೆಕ್ಟರು ದೀಪ ನೋಡಿದರು, ಹಾರ್ನು ಒತ್ತಿದರು, ಡಿಕ್ಕಿ ತೆಗೆದರು. ಒಳಗೆ ಒಂದು ಬಟ್ಟೆಯ ಬ್ಯಾಗಿತ್ತು.

"ಇದೇನು?"

"ಪಾಸಾದ್ರೆ ಇಲ್ಲಿಂದಲೇ ಬೆಟ್ಟ ಹತ್ತೋದು" ಎಂದಳು.

ಬ್ಯಾಗು ಚಿಕ್ಕದಿತ್ತು. ಒಬ್ಬರ ಬಟ್ಟೆಯಷ್ಟೇ ಹಿಡಿಯುವಂಥದ್ದು. ನನ್ನ ಶರ್ಟುಗಳೂ ಅದರಲ್ಲೇ ಹಿಡಿಯುವಂತೆ ಎಷ್ಟು ಚೆನ್ನಾಗಿ ಮಡಿಸಿದ್ದಾಳೆ ಎಂದು ನಾನು ಮೆಚ್ಚಿಕೊಂಡೆ.

ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ ಕೂತರು. "ಹೊಸ ಲೈಸೆನ್ಸು ಅಮ್ಮಾವ್ರದು, ಅವರೇ ಓಡಿಸಲಿ. ಯಜಮಾನರು ಪಕ್ಕದಲ್ಲಿ ಕೂತು, ನಾನು ಹೇಳಿದಾಗ ಮಾತ್ರ ಒತ್ತಬೇಕು." ಹೊರಟೆವು. ಅವರು ಹೇಳುವ ಮೊದಲೇ ನಾನು ಗೇಟಿಗೆ ಒತ್ತಿದೆ. ದೂರದಲ್ಲಿ ಛತ್ರಿ ಹಿಡಿದು ನಡೆಯುತ್ತಿದ್ದ ಮುದುಕರಿಗೆ ಒತ್ತಿದೆ. ಇನ್ಸ್‌ಪೆಕ್ಟರ ಕನ್ನಡಕ ಅವರ ತಲೆಯಿಂದ ಹಾರಿ ನನ್ನ ಮಡಿಲಿಗೆ ಬಂತು, ಹಿಂದಕ್ಕೆ ಕೊಟ್ಟೆ. ಹೆಂಡತಿ ಮತ್ತೆ ಮತ್ತೆ ಗಾಡಿ ಚಾಲೂ ಮಾಡಿದಳು.

ಆಗ, ಅಂಗಳದ ತುದಿಯಲ್ಲಿ ತಪಾಸಣೆಗೆ ನಿಂತಿದ್ದ ಲಾರಿಯೊಂದು ಅವಳ ಕಡೆಯಿಂದ ಮೆಲ್ಲಗೆ ಮುಂದೆ ಬಂತು.

ನಾನು ಎರಡೂ ಕಾಲು ಸೇರಿಸಿ ಒತ್ತಿದೆ. ಕಣ್ಣು ಮುಚ್ಚಿದೆ. ಬಾಗಿಲು ಒಳಕ್ಕೆ ಬರುವುದನ್ನು ಕಾದೆ.

"ನಾನು ನೋಡಿದೆ ರೀ" ಎಂದಳು ಅವಳು, ಬಹಳ ಮೆತ್ತಗೆ. "ಆಗಲೇ ನಿಲ್ಲಿಸಿದ್ದೆ."

ಕಣ್ಣು ಬಿಟ್ಟೆ. ಲಾರಿ ತನ್ನ ಪಾಡಿಗೆ ನಮ್ಮ ಎದುರಲ್ಲಿ ದಾಟಿ ಹೋಗುತ್ತಿತ್ತು. "ಗಾಡಿ ನಿಂತಿದೆ ಸ್ವಾಮಿ, ಕಾಲು ತೆಗೀರಿ" ಎಂದರು ಹಿಂದಿನಿಂದ. ತೆಗೆಯಬೇಕೆಂದು ನನಗೂ ಗೊತ್ತಿತ್ತು. ಆಗಲಿಲ್ಲ. ಹೆಂಡತಿ ಬಗ್ಗಿ, ನನ್ನ ಮೊಣಕಾಲನ್ನು ಹಿಡಿದು, ಮಗುವಿನ ಕಾಲನ್ನು ನೀರಿನಿಂದ ಎತ್ತುವ ಹಾಗೆ ಎತ್ತಿ ಪಕ್ಕಕ್ಕೆ ಇಟ್ಟಳು.

ಪ್ರಮಾಣಪತ್ರ ಅಲ್ಲೇ ಸಿಕ್ಕಿತು. ಕಾರು ಪಾಸು. ಓಡಿಸುವವರು ಪಾಸು. ಕೆಳಗೆ ಇನ್ಸ್‌ಪೆಕ್ಟರು ತಮ್ಮ ಕೈಬರಹದಲ್ಲಿ ಷರಾ ಬರೆದಿದ್ದರು: 'ಎರಡನೆಯ ಬ್ರೇಕು ಸುಸ್ಥಿತಿಯಲ್ಲಿದೆ. ಒತ್ತುವವರು ಸುಸ್ಥಿತಿಯಲ್ಲಿಲ್ಲ. ವಾಹನವು ಚಲಿಸುವಾಗ ಸದರಿ ಪತಿಯವರು ಪಕ್ಕದ ಸೀಟಿನಲ್ಲಿ ಕೂರತಕ್ಕದ್ದಲ್ಲ.'

"ಕಾರು ನನ್ನದು ಸ್ವಾಮಿ!" ಎಂದೆ.

"ಕಾರು ನಿಮ್ಮದೇ. ಸೀಟು ನಿಮ್ಮದಲ್ಲ."

"ಸದರಿ ಅಂದರೇನು? ನನಗೆ ಲೈಸೆನ್ಸ್ ಇದೆ. ಈ ಬ್ರೇಕು ಹಾಕಿಸಿದ್ದೇ ನಾನು, ಇವಳನ್ನು ಕರೆದುಕೊಂಡು ಹೋಗೋದಕ್ಕೆ..."

ಹೆಂಡತಿ ಅವರ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡು ಮಡಿಸಿ ಪರ್ಸಿಗೆ ಹಾಕಿದಳು. ಅವಳ ಕಣ್ಣು ಬೆಟ್ಟದ ಕಡೆಗಿತ್ತು. ಮೇಲೆ ಬೆಳಕು ಇನ್ನೂ ಇತ್ತು.

"ಮಾವ ನಿಮ್ಮನ್ನ ಮನೆಗೆ ಬಿಡ್ತಾರೆ" ಎಂದಳು. "ಅನ್ನ ಮಾಡಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಅಲ್ಲಿ ತಲುಪಿದ ತಕ್ಷಣ ಫೋನು ಮಾಡ್ತೀನಿ."

"ಒಬ್ಬಳೇನಾ? ತಿರುವುಗಳಿವೆ ಕಣೇ!"

"ಗೊತ್ತು. ಮೇಷ್ಟ್ರು ಆ ರಸ್ತೇಲೇ ಕಲಿಸಿದ್ದು. ನಾನೇ ಕೇಳಿಕೊಂಡಿದ್ದೆ."

"ಇರು, ನಾನೂ ಬರ್ತೀನಿ. ಪಕ್ಕದಲ್ಲಿ ಬೇಡ, ಹಿಂದೆ ಕೂತ್ಕೋತೀನಿ. ಮಾತಾಡಲ್ಲ. ಕಾಲು ಮಡಿಸಿ ಸೀಟಿನ ಮೇಲೆ ಇಟ್ಕೋತೀನಿ, ಕಣ್ಣು ಮುಚ್ಕೋತೀನಿ, ಬೇಕಾದ್ರೆ..."

ಬೇಕಾದರೆ ಇನ್ನೂ ಏನೇನು ಮಾಡಬಲ್ಲೆ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ನಿಂತ ಗಾಡಿಗಳ ನಡುವಿನಿಂದ ನಮ್ಮ ಕಾರಿನ ಕಡೆಗೆ, ಎಡಕ್ಕೂ ಬಲಕ್ಕೂ ಒಮ್ಮೆ ನೋಡಿ, ಆಗಲೇ ಅರ್ಧ ಅಂಗಳ ದಾಟಿದ್ದಳು.